ಬಟ್ಟಲು ಆರುವ ಮುನ್ನ

ಬ್ಯಾಲರಾಟಿನ ಜುಲೈ. ಕಾರಿನ ಗಾಜಿನ ಮೇಲೆ
ಉಪ್ಪು ಚೆಲ್ಲಿದ ಹಾಗೆ ಹಿಮ.
ಹಗಲೆಲ್ಲ ಲ್ಯಾಬಿನಲ್ಲಿ ಪರರ ಹಲ್ಲು ಉಜ್ಜಿ ಹದಮಾಡುವ ನಾನು
ರಾತ್ರಿ ಊಟದ ಮೇಜಿನ ಮೇಲೆ ಹದಿನಾರು ಬಟ್ಟಲಿಟ್ಟು
ನೀರು ಹೊಯ್ಯುತ್ತೇನೆ.

ಒಂದಕ್ಕೊಂದು ಜೋಡಿಯಲ್ಲ. ಎಲ್ಲ ಸ್ಟರ್ಟ್ ಬೀದಿಯ
ಹಳೆಸಾಮಾನಿನ ಅಂಗಡಿಯವು.
ಷಡ್ಜಕ್ಕೆ ಗುಲಾಬಿ ಬಳ್ಳಿಯ ಸೂಪಿನ ಬಟ್ಟಲು,
ಮಧ್ಯಮಕ್ಕೆ ಯಾರದೋ ಮದುವೆಯ ಉಡುಗೊರೆ:
ತಳದಲ್ಲಿ ‘ಡೋರಿಸ್, ಆಲ್ಫ್, ೧೯೬೧’ ಎಂದು ಚಿನ್ನದ ಮಸಿ.
ಅವರಿಬ್ಬರ ಸಂಸಾರ ಏನಾಯಿತೋ,
ಬಟ್ಟಲಂತೂ ಒಂದು ಗೆರೆ ಬಿರುಕಿಲ್ಲದೆ ನುಡಿಯುತ್ತದೆ.

ಇದನ್ನು ಹಿಡಿದಿಡಬೇಕು ಎಂದು ಹೊರಟದ್ದೇ ತಪ್ಪೋ ಏನೋ.
“ಕಂಪ್ಯೂಟರಿದೆಯಲ್ಲ” ಎಂದಳು ಮಗಳು ಮೇದಿನಿ,
“ಮೈಕು ಚುಚ್ಚು, ಅಷ್ಟೇ. ತಪ್ಪಿದರೆ ಅಳಿಸು.
ಮತ್ತೆ ತಪ್ಪಿದರೆ ಮತ್ತೆ ಅಳಿಸು.”
ಅಂಗಡಿಯ ಕೀರನ್, ಒಂದೇ ಕಿವಿಗೆ ಮೂರು ಒಂಟಿ,
ಗಾಜಿನ ಕಪಾಟಿನಿಂದ ತೆಗೆದದ್ದು ಬೇರೆಯೇ:
ಇಟ್ಟಿಗೆಯಷ್ಟು ದಪ್ಪದ ರೆಕಾರ್ಡರು.
ನಾನೂರ ತೊಂಬತ್ತು ಡಾಲರು. ನನ್ನ ಲೆಕ್ಕದಲ್ಲಿ
ಒಂದು ಪೂರ್ತಿ ಮೇಲ್ದವಡೆ.
“ಇದಕ್ಕೆ ಬೇರೇನೂ ಬರುವುದಿಲ್ಲ” ಎಂದ,
ಕೊರತೆ ಒಪ್ಪಿಕೊಳ್ಳುವವನ ಹಾಗಲ್ಲ,
ಹುಡುಗನ ಕಡೆಯವರು ಗುಣ ಹೇಳುವ ಹಾಗೆ.

ಇದ್ದದ್ದರಲ್ಲೇ ನೋಡೋಣ ಎಂದು ಮನೆಗೆ ಬಂದೆ.
ಹೀಟರು ಆರಿಸಿದೆ, ಅದು ಗುಂಯ್ ಎನ್ನುತ್ತದೆ.
ಫ್ರಿಜ್ಜು ಆರಿಸಿದೆ; ಮತ್ತೆ ಹಾಕುವುದು ಮರೆಯದಿರಲೆಂದು
ಕಾರಿನ ಕೀಲಿಯನ್ನು ಅದರೊಳಗೇ, ಮೊಸರಿನ ಪಕ್ಕ ಇಟ್ಟೆ.
ಕಂಪ್ಯೂಟರಿನ ಫ್ಯಾನು ಮಾತ್ರ ಮಾತು ಕೇಳಲಿಲ್ಲ.
ಉಸಿರು ಬಿಗಿಹಿಡಿ ಎಂದರೆ ಸತ್ತೇ ಹೋಗುವ ಜೀವ;
ನಡುವೆ ಒಂದು ದಿಂಬು ನಿಲ್ಲಿಸಿದೆ.
ಆಗ ಅದಕ್ಕೆ ಅಪ್‌ಡೇಟ್ ಆಗುವ ಮನಸ್ಸಾಯಿತು.
ಶೇಕಡಾ ಹನ್ನೆರಡು.
ಶೇಕಡಾ ಮೂವತ್ತೇಳು.
ಆರಿದ ಹೀಟರಿನ ಬಿಸಿ ಇನ್ನೂ ಕೋಣೆಯಲ್ಲಿತ್ತು,
ಬಟ್ಟಲ ನೀರು ಕೂದಲೆಳೆಯಷ್ಟು ಇಳಿದು
ನಿಷಾದ ತುಸು ಮೇಲೆ ಸರಿದಿತ್ತು.
ಚಮಚದಲ್ಲಿ ಹನಿ ಹನಿಯಾಗಿ ಸಾಲ ತೀರಿಸಿದೆ.

ಕೊನೆಗೂ ನುಡಿಸಿದೆ. ಕಡ್ಡಿ ಹಿಡಿದ ಬೆರಳು ಮರಗಟ್ಟಿತ್ತು.
ತೆರೆಯ ಮೇಲೆ ನನ್ನ ನಾದ ಕಂಬಳಿಹುಳದ ಹಾಗೆ ತೆವಳಿತು.
ಎಲ್ಲಿ ದಪ್ಪ, ಎಲ್ಲಿ ತೆಳು,
ಅದನ್ನೇ ನೋಡುತ್ತ ನೋಡುತ್ತ ಕಿವಿ ಎಲ್ಲೋ ಹೋಯಿತು.
ಧೈವತದ ಮೇಲೆ ನಿಂತಿದ್ದೆ. ಆಗಲೇ
ಟಿಂಗ್!
ಕಸದ ಹಸಿರು ಡಬ್ಬಿ ಇನ್ನು ಮುಂದೆ ಗುರುವಾರ ಎಂದು
ನಗರಸಭೆಯ ಮಿಂಚಂಚೆ.

ಎರಡು ದಿನ ಬಿಟ್ಟು ಇಟ್ಟಿಗೆಯನ್ನೇ ಕೊಂಡು ತಂದೆ.
ಗುಂಡಿ ಒತ್ತಿದರೆ ಕೆಂಪು ದೀಪ. ಅಷ್ಟೇ ಅದರ ಮಾತು.
ಅಳಿಸಲು ಬರುತ್ತದೆ, ಆದರೆ ನಿಜವಾಗಿಯೂ ಅಳಿಸಲೇ ಎಂದು
ಎರಡೆರಡು ಸಲ ಕೇಳುತ್ತದೆ;
ನಾಚಿ ಬಿಟ್ಟುಬಿಡುತ್ತೇನೆ.
ಪಕ್ಕದ ಮನೆಯ ನಾಯಿ, ನನ್ನ ಕೆಮ್ಮು,
ಡೋರಿಸಳ ಬಟ್ಟಲ ಅಂಚಿಗೆ ಕಡ್ಡಿ ಜಾರಿದ್ದು,
ಎಲ್ಲ ಹಾಗೇ ಉಳಿದಿವೆ.
ಕಂಪ್ಯೂಟರಿಗೆ ಹಾಕಿ ಕತ್ತರಿಸಿಕೊಡುತ್ತೇನೆ ಎನ್ನುತ್ತಾಳೆ ಮೇದಿನಿ.
ನೋಡೋಣ ಎನ್ನುತ್ತೇನೆ.

ಒಂದೇ ತೊಂದರೆ.
ಧೈವತಕ್ಕೆ ಬಂದಾಗಲೆಲ್ಲ ಕೈ ತಡೆಯುತ್ತದೆ,
ಯಾರೋ ಬಾಗಿಲು ತಟ್ಟಬೇಕಿತ್ತು ಎಂಬಂತೆ.
ಆ ರಾತ್ರಿಯದನ್ನು ಮೊನ್ನೆ ಮತ್ತೆ ಕೇಳಿ ನೋಡಿದೆ:
ನನ್ನ ಹದಿನಾರರಲ್ಲಿ ಇಲ್ಲದ, ತಾರಕ್ಕೂ ಆಚೆಯ ಷಡ್ಜ,
ಎಳ್ಳಷ್ಟೂ ಅತ್ತಿತ್ತಲಿಲ್ಲ.

ಶನಿವಾರ ಸ್ಟರ್ಟ್ ಬೀದಿಗೆ ಹೋಗಿ
ಮೊಟ್ಟೆಯ ಬಟ್ಟಲು, ಉಪ್ಪಿನ ಕುಡಿಕೆ, ಹಿಡಿ ಮುರಿದ ಪುಟ್ಟ ಕಪ್ಪು
ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದೆ.
ಏನು ಹುಡುಕುತ್ತಿದ್ದೀರಿ ಎಂದಳು ಗಲ್ಲಾದ ಮುದುಕಿ.
ಗುರುವಾರದ ಕಸ ಎನ್ನಲೇ?
ಅವಳು ಕನ್ನಡಕ ತೆಗೆದಿಟ್ಟು ಎದ್ದು ಬಂದಳು,
ಮೇಲಿನ ಅರೆಯಿಂದ ಒಂದನ್ನು ಇಳಿಸಿ
ಉಗುರಿನಿಂದ ತಟ್ಟಿದಳು. “ಇದು?”

ಇನ್ನೂ ಒಂದು ಚೂರು ಮೇಲೆ, ಎಂದೆ.