ಇಪ್ಪತ್ತನಾಲ್ಕರಲ್ಲಿ ಹದಿನೇಳನೆಯದು

ವಾಸ್ಕೋದ ಗಾಳಿಗೆ ಎರಡು ರುಚಿ:
ಮೊದಲು ಉಪ್ಪು, ಆಮೇಲೆ ಕಲ್ಲಿದ್ದಲು.
ಬಂದರಿನಲ್ಲಿ ಹಡಗು ಖಾಲಿಯಾದ ಮರುದಿನ
ಎಸ್ಪೆರಾನ್ಸಾ ಬಾಯಿಯ ತಾರಸಿಯ ಮೇಲೆ
ಇಪ್ಪತ್ತನಾಲ್ಕು ಸೋಲಾರ್ ಫಲಕಗಳೂ
ಕಾಡಿಗೆ ಬಳಿದುಕೊಂಡು ಕೂತಿರುತ್ತವೆ.
ಬೆರಳಲ್ಲಿ ಹೆಸರು ಬರೆಯಬಹುದು.
ಬರೆದಿದ್ದೇನೆ ಒಮ್ಮೆ: ಶರಣಮ್ಮ.
ಅವ್ವನ ಹೆಸರು.

ಬೈನಾದ ಮರಳಿನ ಮೇಲಿನ ಜೋಪಡಿಯಲ್ಲಿ
ದಿನಾ ಸಂಜೆ ಕಂದೀಲಿನ ಗಾಜನ್ನು
ಬೂದಿ ಹಾಕಿ ತಿಕ್ಕುತ್ತಿದ್ದಳು ಅವ್ವ.
“ಎಣ್ಣಿ ತುಟ್ಟಿ ಆಗೇತಪಾ,
ಗಾಜು ತಿಕ್ಕಿದ್ರ ಅಷ್ಟ ಎಣ್ಣ್ಯಾಗ ದೀಡಪಟ್ಟು ಬೆಳಕು.”
ನಾನು ಕಲಿತ ಮೊದಲ ಪಾಠ ಅದು.
ಉಳಿದದ್ದನ್ನು ಐಟಿಐನಲ್ಲಿ
ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಹೇಳಿಕೊಟ್ಟರು.

ಹೋದ ವಾರ ಪಣಜಿಯಿಂದ ಒಬ್ಬ ಬಂದಿದ್ದ.
ಇಸ್ತ್ರಿ ಅಂಗಿ, ಕೈಯಲ್ಲಿ ಟ್ಯಾಬ್ಲೆಟ್ಟು.
ಹಲ್ಲು ಎಣಿಸಿ ಎತ್ತಿನ ವಯಸ್ಸು ಹೇಳುವ ದಲ್ಲಾಳಿಯ ಹಾಗೆ
ಹಿಂಬದಿಯ ಚೀಟಿ ಓದಿ, ನಾಲಗೆ ಲೊಚಗುಟ್ಟಿ,
“ಹದಿನಾಲ್ಕು ವರ್ಷ! ಎಲ್ಲ ಕಿತ್ತು ಹಾಕಿಸಿ ಬಾಯಿ,
ಹೊಸದೊಂದು ಇದರ ಎರಡರಷ್ಟು ಕೊಡುತ್ತದೆ” ಅಂದ.
ಸುಳ್ಳಲ್ಲ ಅದು.
ಅದೇ ತೊಂದರೆ.

ಬಾಯಿ ನನ್ನ ಮುಖ ನೋಡಿದರು.
ನಾನು ಮೀಟರು ತೆಗೆದೆ.
ನೂರಕ್ಕೆ ತೊಂಬತ್ತು. ಎಂಬತ್ತೊಂಬತ್ತು. ತೊಂಬತ್ತೊಂದು.
ಒಂಬತ್ತನೆಯದರ ಮೇಲೆ ಯಾವಾಗಲೋ ತೆಂಗಿನಕಾಯಿ ಬಿದ್ದಿತ್ತು,
ಗಾಜಿನ ತುಂಬ ಜೇಡರಬಲೆ.
ಹದಿನೇಳನೆಯದು ಬರೀ ಅರವತ್ತು.

ಅದರ ಬೆನ್ನಿನ ಡಬ್ಬಿ ಬಿಚ್ಚಿದರೆ
ಒಳಗೆ ಇರುವೆಗಳ ಭರ್ತಿ ಸಂಸಾರ,
ಅಕ್ಕಿನುಚ್ಚಿನಂಥ ಮೊಟ್ಟೆ,
ನಡುವೆ ಸುಟ್ಟು ಕರಕಲಾದ ಒಂದು ಡಯೋಡು,
ಲವಂಗಕ್ಕಿಂತ ತುಸು ದಪ್ಪ.
ಬೆಲೆ ನಲವತ್ತು ರೂಪಾಯಿ.
ಇಷ್ಟಕ್ಕೆ ಇಪ್ಪತ್ತನಾಲ್ಕನ್ನೂ ಗುಜರಿಗೆ?

ಗುಜರಿ ಅಂಗಡಿಯ ಹಿತ್ತಲು ನೋಡಿದವನು ನಾನು.
ಅಲ್ಯೂಮಿನಿಯಂ ಚೌಕಟ್ಟು ಕಿತ್ತುಕೊಳ್ಳುತ್ತಾರೆ, ತಾಮ್ರ ಸುಲಿಯುತ್ತಾರೆ,
ಕೂದಲೆಳೆಯಂಥ ಬೆಳ್ಳಿಯನ್ನು ಬಿಡಿಸಲು ಯಾರಿಗೂ ಪುರುಸೊತ್ತಿಲ್ಲ.
ಉಳಿದದ್ದು ಒಡೆದ ಗಾಜು, ಬೆಸುಗೆಯ ಸೀಸ.
ಮಳೆ ಬಂದರೆ ಅದರ ಮೇಲೂ ಬರುತ್ತದೆ,
ಹರಿದು ಕೆಳಗಿನ ಖಾಜಣದ ಗದ್ದೆಗೂ ಹೋಗುತ್ತದೆ.

ಬಾಯಿಗೆ ಹೇಳಬೇಕೆನಿಸಿತು:
ಇದು ಬಿಸಿಲಿಗೆ ಹುಟ್ಟಿದ್ದಲ್ಲ, ಬೆಂಕಿಗೆ ಹುಟ್ಟಿದ್ದು.
ಯಾವುದೋ ದೇಶದ ಬೆಣಚುಕಲ್ಲನ್ನು ಕುಲುಮೆಗೆ ಹಾಕಿ,
ನಿಮ್ಮ ಬಟ್ಟೆಗೆ ಅಂಟುವ ಇಂಥದೇ ಕಲ್ಲಿದ್ದಲು ಉರಿಸಿ,
ಕರಗಿಸಿ, ಹರಳುಗಟ್ಟಿಸಿ, ಹಪ್ಪಳದಷ್ಟು ತೆಳ್ಳಗೆ ಕೊಯ್ದು...
ಮೊದಲ ಒಂದೆರಡು ವರ್ಷದ ಬಿಸಿಲೆಲ್ಲ
ಆ ಹೊಗೆಯ ಸಾಲಕ್ಕೆ ಜಮಾ.
ಆಮೇಲಿನದು ಋಣ ಹರಿದ ಬೆಳಕು.
ಸಾಲ ತೀರಿಸಿದವನನ್ನು ಹೊರಗೆ ದಬ್ಬಿ
ಹೊಸ ಸಾಲಗಾರನನ್ನು ಒಳಗೆ ಕರೆಯುವುದು
ಯಾವ ಲೆಕ್ಕದ ವಹಿಯಲ್ಲಿ ಲಾಭ?

ಹೇಳಲಿಲ್ಲ.
ಬೈನಾದ ಬೀದಿಯಲ್ಲಿ ಕಲಿತ ನನ್ನ ಕೊಂಕಣಿಗೆ
ಮೀನಿನ ಚೌಕಾಸಿ ಬರುತ್ತದೆ, ಕುಲುಮೆ ಬರುವುದಿಲ್ಲ.
ಅಂದದ್ದು ಇಷ್ಟೇ: ಇನ್ನೂ ಹತ್ತು ವರ್ಷ ನಡೆಯುತ್ತೆ, ಬಾಯಿ.
“ನಾನು ನಡೆಯಬೇಕಲ್ಲ” ಎಂದು ನಕ್ಕರು,
ಒಳಗೆ ಹೋಗಿ ಕೋಕಂ ಶರಬತ್ತು ತಂದರು.

ಇರುವೆ ಮೊಟ್ಟೆಗಳನ್ನು ಸ್ಕ್ರೂಡ್ರೈವರಿನ ತುದಿಯಲ್ಲಿ
ತುಳಸಿಯಲ್ಲ, ಪಕ್ಕದ ದಾಸವಾಳದ ಕುಂಡಕ್ಕೆ ಸಾಗಿಸಿದೆ.
(ಬಾಯಿಯ ಮನೆಗೆಲಸದ ಸುನಂದೆ ನೆಟ್ಟದ್ದು ತುಳಸಿ,
ಇರುವೆ ಬಿಟ್ಟರೆ ನನ್ನನ್ನೇ ಕಚ್ಚುತ್ತಾಳೆ.)
ಡಯೋಡು ಬೆಸೆದೆ. ಬಿರುಕಿಗೆ ಸಿಲಿಕೋನು ತುಂಬಿದೆ.
ತುಕ್ಕು ಹಿಡಿದ ಹನ್ನೊಂದು ಬೋಲ್ಟು ಬದಲಿಸಿದೆ.
ಹದಿನೇಳನೆಯದು ಎಂಬತ್ತೆಂಟಕ್ಕೆ ಬಂತು.
ಎರಡು ಸಲ ನೋಡಿದೆ.

ಒಂಬತ್ತನೆಯದನ್ನು ಕೇಳಿ ಪಡೆದು
ಗೋಣಿ ಸುತ್ತಿ, ಝುವಾರಿ ನಗರದ ನನ್ನ ಖೋಲಿಗೆ
ಗೆಳೆಯನ ಟೆಂಪೋದಲ್ಲಿ ಒಯ್ದೆ.
ಒಡೆದ ಗಾಜಿನ ಹಿಂದೆಯೂ ಹಗಲು ಕೆಲಸ ಮಾಡುತ್ತದೆ:
ಒಂದು ಪುಟ್ಟ ಫ್ಯಾನು,
ಮಗಳ ನೋಟುಪುಸ್ತಕದ ಹಾಳೆ ಮಗುಚುವಷ್ಟು ಗಾಳಿ.

ನಾಳೆ ಮತ್ತೊಂದು ಹಡಗು ಬರುತ್ತದಂತೆ.
ಒರೆಸುವ ಬಟ್ಟೆಯನ್ನು ಒಗೆದು, ಹಿಂಡಿ,
ತಾರಸಿಯ ಕಟ್ಟೆಯ ಮೇಲೆ ಹರವಿ ಬಂದಿದ್ದೇನೆ.
ಹಾರದಿರಲೆಂದು ಮೇಲೊಂದು
ಹಳೆಯ ಬೋಲ್ಟು.