ಸದ್ದಿನ ಖಾತೆ

ದುರ್ಗಿಗುಡಿಯ ಎರಡನೇ ತಿರುವು, ಮೆಟ್ಟಿಲ ಕೆಳಗಿನ ಅಂಗಡಿ.
ಇನಾಸ್ ಮಾಮನ ರಟ್ಟಿನ ಪುಸ್ತಕದಲ್ಲಿ
ಹೆಸರು, ಕೇರಿ, ಮುಂಗಡ,
ಆಮೇಲೆ ಒಂದು ಅಗಲವಾದ ಕಾಲಮ್ಮು: ಏನನ್ನುತ್ತೆ?

ಮಂಡ್ಲಿ ಟೀಚರ ಮಿಕ್ಸಿ: ಗಿರ್‌ಕಟ್ ಗಿರ್‌ಕಟ್.
ಟ್ಯಾಂಕ್ ಮೊಹಲ್ಲಾದ ಜ್ಯೂಸಿನವನದು: ಮೊದಲು ಡುರ್ರ್, ಆಮೇಲೆ ಅಳು.
ವಿನೋಬನಗರದ ಅಜ್ಜಿಯದು: ಗುಂಯ್, ನಿಲ್ಲಿಸಿದ ಮೇಲೂ ಗುಂಯ್.
ಬದಿಗೆ ಪೆನ್ಸಿಲ್ಲಲ್ಲಿ: ಅದು ಅಜ್ಜಿಯ ಕಿವಿ.

ಗಿರಾಕಿಗಳು ಬಾಯಲ್ಲೇ ಮಾಡಿ ತೋರಿಸಬೇಕು.
ನಾಚುತ್ತಾರೆ. ಪೊಲೀಸ್ ಪೇದೆಯೊಬ್ಬ
ಹೊರಗೆ ಯಾರೂ ಇಲ್ಲವೆಂದು ಇಣುಕಿ ನೋಡಿ
ಕಿಂಯ್ಯ್ ಅಂದ.
ಮಾಮ ಕಣ್ಣು ಮುಚ್ಚಿ, ‘ಬುಷ್ಷು ಸವೆದಿದೆ’ ಅಂದ.

ನನಗಿದು ಆಗಿಬರಲಿಲ್ಲ. ಐಟಿಐ ಮುಗಿಸಿದವನು.
ಮೂರು ಸಾವಿರದ ಇನ್ನೂರು ಕೊಟ್ಟು ಮೀಟರು ತರಿಸಿದೆ.
ಸದ್ದಿಗೆ ಒಂದು ಮೂತಿ, ನಡುಕಕ್ಕೆ ಕಾಂತದ ಬಿಲ್ಲೆ.
ಮಿಕ್ಸಿಯ ಮೈ ಪ್ಲಾಸ್ಟಿಕ್ಕು, ಬಿಲ್ಲೆ ಅಂಟಲಿಲ್ಲ.
ಮಾಮ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದುಕೊಟ್ಟ,
ನಗದೆ.

ಅಂಗಡಿಯ ಕಲ್ಲುಕಟ್ಟೆ ಮೇಲಿಟ್ಟು ಅಳೆದೆ, ಒಂದು ಮಾರು ದೂರದಿಂದ.
ಟೀಚರದು ಎಂಬತ್ತಾರು ಡೆಸಿಬಲ್.
ಪೇದೆಯದೂ ಎಂಬತ್ತಾರು.
ಒಂದು ಕಟಕಟ, ಒಂದು ಕಿಂಯ್ಯ್,
ಮೀಟರಿಗೆ ಇಬ್ಬರೂ ಒಂದೇ ಮನೆಯವರು.

ಸೋಮವಾರ ಹೇಮಾಕ್ಷಿ ಅಂತ ಒಬ್ಬಳು ಬಂದಳು, ಗೋಪಾಳದಿಂದ,
ಹಳೇ ಚೂಡಿದಾರದ ವೇಲಿನಲ್ಲಿ ಮಿಕ್ಸಿ ಸುತ್ತಿಕೊಂಡು.
‘ಮೊದಲಿನ ಹಾಗೆ ಅನ್ನಲ್ಲ ಇದು.’
ಮತ್ತೆ ಹೇಗನ್ನುತ್ತೆ?
ಬಾಯಿ ತೆರೆದಳು, ಮುಚ್ಚಿದಳು.
‘ಬಯ್ದ ಹಾಗೆ.’

ಹಾಕಿ ನೋಡಿದೆವು. ಎಪ್ಪತ್ತೊಂಬತ್ತು.
ನಡುಕ ಸೆಕೆಂಡಿಗೆ ಒಂದೂಕಾಲು ಮಿಲಿಮೀಟರು.
ಹೊಸದಕ್ಕಿಂತ ಚೆನ್ನಾಗಿದೆಯೆಂದು ಮೀಟರು ತಿರುಗಿಸಿ ತೋರಿಸಿದೆ.
ಅವಳು ಅದನ್ನು ನೋಡಲೇ ಇಲ್ಲ.
ಮಾಮ ಸ್ಕ್ರೂಡ್ರೈವರಿನ ತುದಿ ಮೋಟಾರಿಗಿಟ್ಟು
ಹಿಡಿಯನ್ನು ಕಿವಿ ಹಿಂದಿನ ಮೂಳೆಗೆ ಒತ್ತಿ ಕೇಳಿದ.
ಅವನಿಗೂ ಏನೂ ಸಿಗಲಿಲ್ಲ.
‘ಮೊದಲು ಯಾವುದರ ಮೇಲಿತ್ತು?’
‘ಕಡಪ ಕಲ್ಲು.’
‘ಈಗ?’
ಹೊರಗೆ ಸಿಟಿ ಬಸ್ಸೊಂದು ದಾಟಿಹೋಗುವವರೆಗೆ ಕಾದಳು.
‘ಈಗ ನಾನೇ ಬೇರೆ ರೂಮು ಮಾಡಿದೀನಿ.
ತಗಡಿನ ಮೇಜು. ಒಬ್ಬಳಿಗೆ ಸಾಕು.’

ಮಾಮ ಮತ್ತೇನೂ ಕೇಳಲಿಲ್ಲ.
ಟ್ಯೂಬಿನಿಂದ ನಾಲ್ಕು ಬಿಲ್ಲೆ ಕತ್ತರಿಸಿ
ಮಿಕ್ಸಿಯ ಕಾಲುಗಳಿಗೆ ಒಂದೊಂದಾಗಿ ಅಂಟಿಸಿ
ಒಣಗಲೆಂದು ಊದಿದ.
‘ಬಯ್ಯೋದು ಮೇಜು. ಇದರದೇನೂ ತಪ್ಪಿಲ್ಲ.’
ದುಡ್ಡು ಬೇಡವೆಂದರೂ ಹತ್ತು ರೂಪಾಯಿ ಇಟ್ಟೇ ಹೋದಳು.

ಸಂಜೆ ಖಾತೆ ಬರೆಯುವ ಸರದಿ ನನ್ನದು.
ಹೇಮಾಕ್ಷಿ, ಗೋಪಾಳ, ಹತ್ತು. ಬಯ್ದ ಹಾಗೆ.
ಪಕ್ಕದಲ್ಲಿ, ಯಾಕೋ ಬಿಡಲಾರದೆ, ಎಪ್ಪತ್ತೊಂಬತ್ತು.
ಮಾಮ ಕನ್ನಡಕ ಏರಿಸಿ ಓದಿದ.
ಪೆನ್ಸಿಲ್ಲು ಹುಡುಕಿ
ನನ್ನ ಅಂಕಿಯ ಮುಂದೆ ಸಣ್ಣಗೆ ಸೇರಿಸಿದ:
ಕಲ್ಲಿನ ಮೇಲೆ.