ಮೂರು ಬೆರಳು ನೀರು

‘ಗುಡ್ಡಾ ಅಗದು ಇಲಿ ಹಿಡದ್ರು’ ಅನ್ನುತ್ತಿದ್ದಳು ಅಜ್ಜಿ,
ಯಾರ ಮನೆಯ ಮದುವೆ ಮಾತು ಮುರಿದು ಬಿದ್ದರೂ.
ಕೂನಾಂಬಲ್‌ನಲ್ಲಿ ಗುಡ್ಡವೇ ಇಲ್ಲ.
ಗೋಧಿ, ಗೋಧಿ, ಆಮೇಲೆ ಆಕಾಶ.
ಇಲಿ ಮಾತ್ರ ಅಗೆಯದೆಯೇ ಸಿಗುತ್ತವೆ:

ಒಲೆಯ ಹಿಂದೆ, ಹಾಸಿಗೆಯ ಹೊಲಿಗೆಯಲ್ಲಿ,
ಕಾರಿನ ಬಾನೆಟ್ಟಿನೊಳಗೆ ವೈರು ಕಡಿಯುತ್ತ,
ನನ್ನ ಡ್ಯೂಟಿ ಶೂನಲ್ಲಿ, ಎಡಗಾಲಿನದರಲ್ಲಿ.
ಆ ದಿನ ಆಸ್ಪತ್ರೆಗೆ ಚಪ್ಪಲಿಯಲ್ಲೇ ಹೋದೆ;
ಯಾಕೆಂದು ಯಾರೂ ಕೇಳಲಿಲ್ಲ.

ಅಂಗಡಿಯಲ್ಲಿ ಬೋನು ಮುಗಿದು ವಾರವಾಗಿತ್ತು.
ಬೇಲಿಯಾಚೆಯ ಬೆರಿಲ್, ವಯಸ್ಸು ಎಂಬತ್ತಮೂರು,
ಮಂಡಿಯೂರಿ ತೋರಿಸಿದಳು:
ಬಕೆಟ್ಟು. ಅದಕ್ಕೆ ಅಡ್ಡಲಾಗಿ ತಂತಿ.
ತಂತಿಗೆ ಪೋಣಿಸಿದ ಖಾಲಿ ಬಾಟಲಿ, ಮುಟ್ಟಿದರೆ ತಿರುಗಬೇಕು.
ಹತ್ತಲಿಕ್ಕೆ ಒಂದು ಹಲಗೆ.
ಬಾಟಲಿಯ ನಡುವಿಗೆ ಪೀನಟ್ ಬಟರ್.
‘ಒಳಗೆ ನೀರು. ಇಷ್ಟು’ ಎಂದು
ಮೂರು ಬೆರಳು ಜೋಡಿಸಿ ಹಿಡಿದಳು.

ಆ ಬೆರಳುಗಳು ನನಗೆ ಗೊತ್ತಿದ್ದವು.
ಅಕ್ಕಿಯ ಮೇಲೆ ನೀರು ನಿಲ್ಲಬೇಕಾದ ಅಳತೆ.

ಅಂದು ರಾತ್ರಿ ನೀರು ಹಾಕಲಿಲ್ಲ; ಹಳೆಯ ಟವೆಲು ಹಾಸಿದೆ.
ಪೀನಟ್ ಬಟರ್ ಯಾಕೆ, ಗದಗಿನಿಂದ ಬಂದ ಶೇಂಗಾ ಉಂಡಿ ಇತ್ತು,
ಬೆಲ್ಲ ಮೆತ್ತಗಾಗಲೆಂದು ಅಂಗೈಯಲ್ಲಿ ತಿಕ್ಕಿ ಮೆತ್ತಿದೆ.
ಟಪ್.
ಎಷ್ಟೋ ಹೊತ್ತು ಏನೂ ಇಲ್ಲ.
ಟಪ್, ಟಪ್.
ಬೆಳಿಗ್ಗೆ ನೋಡಿದರೆ ಹತ್ತೊಂಬತ್ತು,
ಒಂದರ ಹೆಗಲ ಮೇಲೊಂದು, ಮೀಸೆಯ ತುಂಬ ಬೆಲ್ಲ.
ಸಿಲೋ ತನಕ ನಡೆದು, ಹಳಿ ದಾಟಿ, ಸುರಿದು ಬಂದೆ.
ಬೆರಿಲ್ ಬೇಲಿಗೊರಗಿ ನಕ್ಕಳು:
‘ನಿನಗಿಂತ ಮೊದಲೇ ಮನೆ ಮುಟ್ಟಿರ್ತಾವೆ.’

ಮರುದಿನ ನಲ್ಲಿ ತಿರುಗಿಸಿದೆ.
ಬೆರಳು ಅದ್ದಿ ನೋಡಿದೆ.

ಆಮೇಲೆ ಎಣಿಕೆಯೇ ಊರಿನ ನಮಸ್ಕಾರ.
‘ನಿಮ್ಮದೆಷ್ಟು?’ ‘ಎಂಬತ್ತು.’ ‘ನಮ್ಮದು ನೂರಾ ಆರು.’
ಸುಳ್ಳು ಯಾಕೆ ಹೇಳಲಿ,
ಹೇಳುವಾಗ ನನ್ನ ದನಿಯಲ್ಲೂ ಚೂರು ಜಂಬವಿತ್ತು.
ಅನ್ನಕ್ಕೆ ಮಾತ್ರ ಗೆರೆ ಕೊರೆದ ಪ್ಲಾಸ್ಟಿಕ್ ಲೋಟದಲ್ಲಿ
ನೀರು ಅಳೆಯತೊಡಗಿದೆ.

ಜುಲೈನಲ್ಲಿ ಇಬ್ಬನಿ ಹೆಪ್ಪುಗಟ್ಟಿತು.
ಒಂದೇ ವಾರದಲ್ಲಿ ಗೋಡೆಗಳು ಸುಮ್ಮನಾದವು.
ಬಕೆಟ್ಟು ಈಗ ಶೆಡ್ಡಿನ ಮೂಲೆಯಲ್ಲಿ ಬೋರಲು.
ಬಚ್ಚಲ ನಲ್ಲಿಯನ್ನು ಬಿಗಿಯಾಗಿ ಮುಚ್ಚಲು ಮರೆತ ರಾತ್ರಿ
ಟಪ್ ಅನ್ನುತ್ತದೆ,
ಸ್ವಲ್ಪ ತಡೆದು ಇನ್ನೊಂದು.
ಏಳುವುದಿಲ್ಲ. ಮಗ್ಗುಲಾಗಿ ಎಣಿಸುತ್ತೇನೆ
ಹತ್ತೊಂಬತ್ತರ ತನಕ.